ಗೆದ್ದ ಮಕ್ಕಳ ಮುಂದಿನ ದಾರಿ

ಕರ್ನಾಟಕದ ಭೂಪಟದಲ್ಲಿ ಮಧುಗಿರಿ ಒಂದು ತಾಲ್ಲೂಕು. ತುಮಕೂರು ಜಿಲ್ಲೆಗೆ ಸೇರಿದ್ದು. ಆದರೆ ಶಾಲೆಗಳ ಭೂಪಟದಲ್ಲಿ ಅದೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಶಿಕ್ಷಣ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಹೆಸರಿಟ್ಟಿದ್ದಾರೆ. ಉಳಿದವರ ಪಾಲಿಗೆ ಇದು ಕಚೇರಿಯ ಅನುಕೂಲಕ್ಕಾಗಿ ಮಾಡಿಕೊಂಡ ಒಂದು ವಿಂಗಡಣೆ, ಅಷ್ಟೆ. ಓಡುವ, ನೆಗೆಯುವ, ಗುಂಡು ಎಸೆಯುವ ಮಕ್ಕಳ ಪಾಲಿಗೆ ಹಾಗಲ್ಲ. ರಾಜ್ಯಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಅವರು ಮಧುಗಿರಿ ಜಿಲ್ಲೆಯವರು. ಮೈಸೂರು, ಮಂಗಳೂರು, ಧಾರವಾಡಗಳೆಂಬ ದೊಡ್ಡ ಹೆಸರುಗಳ ಸಾಲಿನಲ್ಲಿ, ಅವರ ಸರಿಸಮಾನರಾಗಿ, ಬಂಡೆಯ ಬೆಟ್ಟದ ಈ ಪುಟ್ಟ ಊರಿನ ಹೆಸರು ಹೊತ್ತು ಅವರು ಕಣಕ್ಕಿಳಿಯುತ್ತಾರೆ.

ಅಷ್ಟು ದೂರ ಹೋಗುವುದಕ್ಕೆ ಹತ್ತಬೇಕಾದ ಮೆಟ್ಟಿಲುಗಳು ಹಲವು. ಕಡಲೆಕಾಯಿಯ ಬಿತ್ತನೆ ಮುಗಿದು ಹೊಲಗಳು ಹಸಿರಾಗುವ ಹೊತ್ತಿಗೆ ಹೋಬಳಿ ಮಟ್ಟದ ಕೂಟಗಳು ತೊಡಗುತ್ತವೆ. ಮಿಡಿಗೇಶಿ, ಪುರವರ, ಕೊಡಿಗೇನಹಳ್ಳಿ, ಹೊಳವನಹಳ್ಳಿ, ಕೋಳಾಲ, ಕಳ್ಳಂಬೆಳ್ಳ, ಬುಕ್ಕಾಪಟ್ಟಣ, ಹುಲಿಕುಂಟೆ, ನಿಡಗಲ್ಲು, ನಾಗಲಮಡಿಕೆ, ವೈ. ಎನ್. ಹೊಸಕೋಟೆ. ಈ ಹೋಬಳಿಗಳ ಶಾಲಾ ಮೈದಾನಗಳಲ್ಲಿ ಸುಣ್ಣದ ಪುಡಿಯ ಗೆರೆಗಳು ಮೂಡುತ್ತವೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ. ಅದರಾಚೆಗೆ, 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಆಶ್ರಯದಲ್ಲಿ ನಡೆಯುವ ರಾಷ್ಟ್ರಮಟ್ಟದ ಕೂಟ. ಹೋಬಳಿಯಲ್ಲಿ ಓಡಿದ ನೂರಾರು ಮಕ್ಕಳಲ್ಲಿ ರಾಜ್ಯದ ಮೈದಾನವನ್ನು ಕಾಣುವವರು ಬೆರಳೆಣಿಕೆಯವರು.

ಆ ಬೆರಳೆಣಿಕೆಯವರು ಯಾರು? ಬಹುಮಟ್ಟಿಗೆ ರೈತರ, ಕೂಲಿಗಾರರ, ಕುರಿ ಕಾಯುವವರ ಮಕ್ಕಳು. ಅವರ ಕಾಲಿಗೆ ಬಲ ಬಂದದ್ದು ತರಬೇತಿಯಿಂದಲ್ಲ. ಹಳ್ಳಿಯಿಂದ ಶಾಲೆಗೆ, ಶಾಲೆಯಿಂದ ಹಳ್ಳಿಗೆ ನಡೆದ ಮೈಲಿಗಳಿಂದ, ಬೋರೆಯ ಮೇಲೆ ಕುರಿಯ ಹಿಂದೆ ಅಲೆದ ರಜೆಯ ದಿನಗಳಿಂದ. ಓಟಕ್ಕೆಂದೇ ಮಾಡಿದ ಬೂಟನ್ನು ಅವರಲ್ಲಿ ಅನೇಕರು ಮೊದಲ ಬಾರಿಗೆ ನೋಡುವುದು ಜಿಲ್ಲಾ ಕೂಟದಲ್ಲಿ, ಎದುರಾಳಿಯ ಕಾಲಿನಲ್ಲಿ. ಇವರ ಕಸುವನ್ನು ಮೊದಲು ಗುರುತಿಸುವವರು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು. ನಮ್ಮ ಮಕ್ಕಳ ಮಾತಿನಲ್ಲಿ ಹೇಳುವುದಾದರೆ ಪಿ.ಟಿ. ಮೇಷ್ಟ್ರು. ಗಣಿತದ ಮೇಷ್ಟ್ರ ಕಣ್ಣಿಗೆ ದಡ್ಡನಾಗಿ ಕಂಡ ಹುಡುಗ ಇವರ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತಾನೆ.

ಈ ಸೀಮೆಯ ಪ್ರೌಢಶಾಲೆಗಳಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನು ನಾನು. ಕ್ರೀಡಾಪಟುವಲ್ಲ, ತರಬೇತುದಾರನೂ ಅಲ್ಲ. ಆದರೆ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವ ಕೆಲಸ ಪ್ರತಿವರ್ಷವೂ ನನ್ನ ಪಾಲಿಗೆ ಬರುತ್ತಿತ್ತು. ಪ್ರಥಮ, ದ್ವಿತೀಯ, ತೃತೀಯ ಎಂದು ಬರೆದು ಬರೆದು, ಆ ಹೆಸರುಗಳನ್ನು ಹೊತ್ತ ಮಕ್ಕಳು ಆಮೇಲೆ ಏನಾದರು ಎಂಬ ಕುತೂಹಲ ಬೆಳೆಯಿತು. ಬಸ್ ನಿಲ್ದಾಣಗಳಲ್ಲಿ, ಮದುವೆ ಮನೆಗಳಲ್ಲಿ, ಸಂತೆಗಳಲ್ಲಿ ಎದುರಾದವರನ್ನೆಲ್ಲ ವಿಚಾರಿಸುತ್ತ ಬಂದೆ. ಹಾಗೆ ಕೂಡಿಬಂದ ಕೆಲವು ಸಂಗತಿಗಳನ್ನು ಕೇಳುಗರ ಮುಂದೆ ಇಡುತ್ತೇನೆ.

ಹಿಂದಿನ ಕಾಲದಲ್ಲಿ ಹಳೆಯ ಮೈಸೂರಿನ ಊರುಗಳಲ್ಲಿ ಗರಡಿಮನೆಗಳಿದ್ದವು. ಊರಿಗೊಬ್ಬ ಪೈಲ್ವಾನನಿದ್ದರೆ ಅವನ ಹಾಲು, ಬಾದಾಮಿಯ ಖರ್ಚನ್ನು ಉಳ್ಳವರು ಹಂಚಿಕೊಳ್ಳುತ್ತಿದ್ದರು. ಅವನು ಗೆದ್ದರೆ ಊರು ಗೆದ್ದಂತೆ. ಆ ಏರ್ಪಾಡಿನಲ್ಲಿ ಜಾತಿಯ, ಅಂತಸ್ತಿನ ಕೊರತೆಗಳು ಬೇಕಾದಷ್ಟಿದ್ದವು. ಹೆಣ್ಣುಮಕ್ಕಳಿಗಂತೂ ಅಲ್ಲಿ ಎಡೆಯೇ ಇರಲಿಲ್ಲ. ಆದರೆ ಒಂದು ಗುಣವಿತ್ತು. ಕುಸ್ತಿ ಮುಗಿದ ಮರುದಿನವೂ ಪೈಲ್ವಾನನಿಗೆ ಊಟ ಇಕ್ಕುವವರು ಯಾರೆಂಬುದು ಊರಿಗೆ ಗೊತ್ತಿತ್ತು.

ಸ್ವಾತಂತ್ರ್ಯದ ನಂತರ ಆ ಜಾಗಕ್ಕೆ ಕಾರ್ಖಾನೆಗಳು, ಬ್ಯಾಂಕುಗಳು ಬಂದವು. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರರಾಗಿದ್ದುಕೊಂಡೇ 1964ರ ಟೋಕಿಯೊ ಒಲಿಂಪಿಕ್ ಕೂಟದಲ್ಲಿ ಭಾರತದ ಪರವಾಗಿ ಓಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಐ.ಟಿ.ಐ., ಎಚ್.ಎ.ಎಲ್.ಗಳ ಫುಟ್‌ಬಾಲ್ ತಂಡಗಳ ಹೆಸರು ಕೇಳದವರು ಅಂದು ಬೆಂಗಳೂರಿನಲ್ಲಿ ಇರಲಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕುಗಳು ಕಬಡ್ಡಿ ಮೊದಲಾದ ಆಟಗಳಿಗೆ ತಂಡ ಕಟ್ಟಿ ಆಟಗಾರರಿಗೆ ಮೇಜು, ಕುರ್ಚಿ, ಸಂಬಳ ಮೂರನ್ನೂ ಕೊಟ್ಟವು. ಚೆನ್ನಾಗಿ ಆಡಿದರೆ ಒಂದು ನೌಕರಿ ಸಿಕ್ಕೀತು ಎಂಬ ನಂಬಿಕೆ ಹಳ್ಳಿಯ ತಂದೆತಾಯಿಗಳ ಮನಸ್ಸಿನಲ್ಲಿ ಬೇರೂರಿದ್ದು ಆ ಕಾಲದಲ್ಲಿ.

ಆ ಮರಗಳು ಒಂದೊಂದಾಗಿ ಉರುಳಿದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ನಮ್ಮ ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಗೂ 2016ರ ಹೊತ್ತಿಗೆ ಬೀಗ ಬಿತ್ತು. ರೈಲ್ವೆ, ಪೊಲೀಸು, ಸೈನ್ಯ ಉಳಿದಿವೆ. ಕಾರ್ಖಾನೆ ಹೋದರೂ ನಂಬಿಕೆ ಹೋಗಿಲ್ಲ. ಓಡಿದರೆ ನೌಕರಿ ಎಂದು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಕೊಂಚ ನಿಧಾನವಾಗಿ ನೋಡಬೇಕು.

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಿದರೆ ಸಾಕು. ನಮ್ಮ ಜಿಲ್ಲಾ ಕೂಟದಲ್ಲಿ ಬಹುಮಾನ ಪಡೆಯುವ ಹುಡುಗಿ ಅದೇ 400 ಮೀಟರನ್ನು ಒಂದೂಕಾಲು ನಿಮಿಷದೊಳಗೆ ಮುಗಿಸಿರುತ್ತಾಳೆ. ಅಂದರೆ ಆ ಬಾಗಿಲು ಕೇಳುವುದು ಶೂರರನ್ನಲ್ಲ, ಆರೋಗ್ಯವಂತರನ್ನು. ಓಟದಲ್ಲಿ ಪಾರಾದ ಮೇಲೆ ಆಯ್ಕೆಯನ್ನು ನಿರ್ಧರಿಸುವುದು ಲಿಖಿತ ಪರೀಕ್ಷೆಯ ಅಂಕ. ಸಶಸ್ತ್ರ ಮೀಸಲು ಪಡೆಗೆ ಎಸ್.ಎಸ್.ಎಲ್.ಸಿ. ಆಗಿರಬೇಕು, ನಾಗರಿಕ ಪೊಲೀಸಿಗೆ ಪಿ.ಯು.ಸಿ. ಆಗಿರಬೇಕು. ಸೈನ್ಯಕ್ಕೆ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿಯೂ ಇದೇ ಕಥೆ. ಅಲ್ಲಿ 1.6 ಕಿಲೋಮೀಟರ್ ಓಟವಿದೆ, ಕಂಬಿಗೆ ಜೋತು ಮೈಯನ್ನು ಮೇಲೆತ್ತುವ ಪರೀಕ್ಷೆಯಿದೆ. ಜೊತೆಗೆ ಹತ್ತನೆಯ ತರಗತಿಯ ಅಂಕಪಟ್ಟಿಯೂ ಬೇಕು, ಲಿಖಿತ ಪರೀಕ್ಷೆಯೂ ಇದೆ. ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು.

ಇನ್ನು ವಯಸ್ಸು. ಸೈನ್ಯಕ್ಕೆ ಹದಿನೇಳೂವರೆ ತುಂಬಿರಬೇಕು; ಪೊಲೀಸಿಗೆ ಹದಿನೆಂಟೋ ಹತ್ತೊಂಬತ್ತೋ ಆಗಿರಬೇಕು. ನಮ್ಮ ಮಕ್ಕಳು ಪ್ರೌಢಶಾಲೆ ಮುಗಿಸುವುದು ಹದಿನಾರಕ್ಕೆ. ನಾನು ಹೇಳಬೇಕೆಂದಿರುವ ಮಾತೆಲ್ಲ ಈ ಲೆಕ್ಕದಲ್ಲಿಯೇ ಇದೆ. ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ ಎರಡು ವರ್ಷಗಳ ಒಂದು ಹಳ್ಳವಿದೆ. ಗೆದ್ದ ಮಕ್ಕಳಲ್ಲಿ ಹೆಚ್ಚಿನವರು ಕಾಣೆಯಾಗುವುದು ಆ ಹಳ್ಳದಲ್ಲಿ.

ಮಾರ್ಚಿಯವರೆಗೆ ಹುಡುಗನಿಗೆ ಒಬ್ಬ ಪಿ.ಟಿ. ಮೇಷ್ಟ್ರಿದ್ದರು, ಒಂದು ಮೈದಾನವಿತ್ತು, ಪ್ರಾರ್ಥನೆಯ ಹೊತ್ತಿನಲ್ಲಿ ಅವನ ಹೆಸರು ಹೇಳಿ ಚಪ್ಪಾಳೆ ತಟ್ಟುವ ಶಾಲೆಯಿತ್ತು. ಏಪ್ರಿಲ್‌ನಲ್ಲಿ ಇವು ಯಾವುವೂ ಇಲ್ಲ. ಪಿ.ಯು. ಕಾಲೇಜಿಗೆ ಸೇರಿದನೋ, ಬಹಳಷ್ಟು ಸರ್ಕಾರಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದವರೇ ಇಲ್ಲ. ಕ್ರೀಡಾಕೂಟವೇನೋ ಪ್ರತಿವರ್ಷ ನಡೆಯುತ್ತದೆ, ಕ್ರೀಡಾಭ್ಯಾಸ ನಡೆಯುವುದಿಲ್ಲ. ಇತಿಹಾಸದ ಉಪನ್ಯಾಸಕರೋ ವಾಣಿಜ್ಯದ ಉಪನ್ಯಾಸಕರೋ ತಂಡವನ್ನು ಕರೆದುಕೊಂಡು ಹೋಗಿ ಬರುತ್ತಾರೆ. ಪ್ರೌಢಶಾಲೆಯ ಮೇಷ್ಟ್ರಿಗೆ ಅಷ್ಟರಲ್ಲಿ ಎಂಟನೆಯ ತರಗತಿಯ ಹೊಸ ಮಕ್ಕಳು ಬಂದಿರುತ್ತಾರೆ. ಹುಡುಗ ಯಾರ ಲೆಕ್ಕಕ್ಕೂ ಸೇರದವನಾಗುತ್ತಾನೆ. ಮೈ ಬಲಿಯಬೇಕಾದ, ಹದಗೊಳ್ಳಬೇಕಾದ ವಯಸ್ಸಿನಲ್ಲಿಯೇ ಅಭ್ಯಾಸ ತಪ್ಪಿದರೆ ಮತ್ತೆ ಕೂಡಿಸಿಕೊಳ್ಳುವುದು ಕಷ್ಟ.

ಈ ಹಳ್ಳಕ್ಕೆ ಬಿದ್ದ ಒಬ್ಬ ಹುಡುಗನ ನೆನಪು ನನಗೆ ಸ್ಪಷ್ಟವಾಗಿದೆ. ಪಾವಗಡದ ಗಡಿಯ ಹಳ್ಳಿಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೂರು ಸಾವಿರ ಮೀಟರ್ ಓಟದಲ್ಲಿ ಅವನ ಹಿಂದೆ ಬರುತ್ತಿದ್ದವನಿಗೂ ಅವನಿಗೂ ಅರ್ಧ ಸುತ್ತಿನ ಅಂತರ. ಅಭ್ಯಾಸದ ನೆಪದಲ್ಲಿ ಅವನ ಎಷ್ಟೋ ಗಣಿತದ ತರಗತಿಗಳು ಮೈದಾನದಲ್ಲಿ ಕಳೆದವು. ಶಾಲೆಗೆ ಹೆಸರು ಬರುತ್ತಿದ್ದಾಗ ಅದನ್ನು ತಡೆಯುವವರು ಯಾರು? ರಾಜ್ಯಮಟ್ಟದ ಪ್ರಮಾಣಪತ್ರ ಬಂತು, ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಹೋಯಿತು. ಮರುಪರೀಕ್ಷೆಗೆ ಕಟ್ಟಿ ಎಂದು ಅವನ ಮನೆಗೆ ಹೋಗಿ ಹೇಳಿದವರಿಲ್ಲ. ಅವರ ಕಡೆ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ ಸೌರ ವಿದ್ಯುತ್ತಿನ ಫಲಕಗಳು ಎದ್ದಾಗ ಅಲ್ಲಿ ಕೆಲವು ಕಾಲ ಕಾವಲಿಗಿದ್ದ. ಈಗ ಸರಕು ಸಾಗಿಸುವ ಗಾಡಿ ಓಡಿಸುತ್ತಾನೆ. ದುಡಿದು ತಿನ್ನುವುದರಲ್ಲಿ ಕೀಳೇನೂ ಇಲ್ಲ. ಆದರೆ ಒಮ್ಮೆ ಸಿಕ್ಕಾಗ ಅವನು, "ಆಗ ಓಡ್ತಿದ್ದಾಗ ಎಲ್ರೂ ಗೊತ್ತಿದ್ರು ಸಾರ್. ಆಮೇಲೆ ಯಾರೂ ಎಲ್ಲಿದೀಯಾ ಅಂತ ಕೇಳ್ಲಿಲ್ಲ" ಎಂದ. ದೂರುವ ದನಿ ಇರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ.

ಅದೇ ಓಟದಲ್ಲಿ ಪ್ರತಿಸಲವೂ ಮೂರನೆಯವನಾಗಿ ಬರುತ್ತಿದ್ದ ಮತ್ತೊಬ್ಬನಿದ್ದ, ಶಿರಾ ತಾಲ್ಲೂಕಿನವನು. ಮೂರನೆಯವನೆಂದು ಅವನನ್ನು ಯಾರೂ ತರಗತಿಯಿಂದ ಎಬ್ಬಿಸಿಕೊಂಡು ಹೋಗಲಿಲ್ಲ. ಸಾಧಾರಣ ಅಂಕಗಳಲ್ಲಿ ಪಾಸಾಗಿ ಪಿ.ಯು. ಓದಿದ. ಬೆಳಗಿನ ಜಾವ ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ತನ್ನಷ್ಟಕ್ಕೆ ಓಡುತ್ತಿದ್ದ. ಇಂದು ಪೊಲೀಸಿನ ಸಶಸ್ತ್ರ ಪಡೆಯಲ್ಲಿದ್ದಾನೆ. ಗೆದ್ದವನಿಗೆ ಸಿಗದ್ದು ಮೂರನೆಯವನಿಗೆ ಸಿಕ್ಕಿತು. ಇದನ್ನು ಅದೃಷ್ಟವೆಂದು ಕೈ ತೊಳೆದುಕೊಳ್ಳಬಹುದು. ಆದರೆ ಒಬ್ಬನಿಗೆ ಶಾಲೆ ಕಪ್ ಕೇಳಿತು, ಇನ್ನೊಬ್ಬನಿಗೆ ಪಾಠ ಕೊಟ್ಟಿತು ಎನ್ನುವುದು ಹೆಚ್ಚು ನಿಜ.

ಬಾಗಿಲುಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿನಿಲಯಗಳನ್ನು ನಡೆಸುತ್ತಿದೆ. ಅವುಗಳಿಗೆ ಆಯ್ಕೆಯ ಪರೀಕ್ಷೆಗಳೂ ನಡೆಯುತ್ತವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ನಾಡಿನ ಮೂಲೆಮೂಲೆಯ ಆಟಗಾರರನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುತ್ತ ಬಂದಿದೆ. ಕೇಂದ್ರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ಸಿಗುವ ಏರ್ಪಾಡಾಯಿತು. ವೃತ್ತಿಶಿಕ್ಷಣದ ಸೀಟುಗಳಲ್ಲಿ ಕ್ರೀಡಾಪಟುಗಳಿಗೆ ಮೀಸಲು ಇದೆ. ಆದರೆ ಇವೆಲ್ಲ ತಾವಾಗಿ ಕೋಳಾಲಕ್ಕೋ ನಾಗಲಮಡಿಕೆಗೋ ನಡೆದುಬರುವುದಿಲ್ಲ. ಪ್ರಕಟಣೆಯನ್ನು ಓದುವವರು ಬೇಕು, ಅರ್ಜಿ ತುಂಬುವವರು ಬೇಕು, ಜನನ ಪ್ರಮಾಣಪತ್ರ ತೆಗೆಸುವವರು ಬೇಕು, ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದೂರ ಜೊತೆಗೆ ಹೋಗುವವರು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆಯಲ್ಲ, ಇಲ್ಲಿ ಕೊರತೆ ಪೂಜಾರಿಯದೇ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಹಳ್ಳ ಇನ್ನೂ ಆಳ. ಹದಿನಾರಾದ ಮಗಳು ಮೈದಾನದಲ್ಲಿ ಓಡುವುದೆಂದರೆ ಎಷ್ಟೋ ಮನೆಗಳಲ್ಲಿ ಇರಿಸುಮುರಿಸು. ಕೊರಟಗೆರೆ ಕಡೆಯ ಒಂದು ಶಾಲೆಯಲ್ಲಿ ಖೋ ಖೋ ಆಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಕಂಬದ ಬಳಿ ಅವಳು ತಿರುಗುವ ಚುರುಕನ್ನು ನೋಡುವುದೇ ಒಂದು ಸೊಗಸು. ವಸತಿಯಿರುವ ಕಾಲೇಜೊಂದರಲ್ಲಿ ಅವಳಿಗೆ ಜಾಗ ಸಿಗುವಂತಿತ್ತು. ತಂದೆ ಒಪ್ಪಲಿಲ್ಲ. "ಹೆಣ್ಮಗಾ ಮೇಷ್ಟ್ರೇ, ಅಷ್ಟು ದೂರ ಹ್ಯಾಗೆ ಕಳಿಸಾದು?" ಎಂದರು. ಅವಳ ಪಿ.ಟಿ. ಮೇಷ್ಟ್ರು ವಾದಕ್ಕಿಳಿಯಲಿಲ್ಲ. ಮುಂದಿನ ವಾರ ತಮ್ಮ ಹೆಂಡತಿಯನ್ನು ಕರೆದುಕೊಂಡು ಹೋದರು. ಮೂರನೆಯ ಸಲ ಹೋದಾಗ, "ನೀವೇ ಬಂದು ನೋಡಿ ಯಜಮಾನ್ರೇ. ಹಾಸ್ಟೆಲ್ಲು ನೋಡಿ, ವಾರ್ಡನ್ನಮ್ಮನ ಹತ್ರ ಮಾತಾಡಿ. ಮನಸ್ಸು ಒಪ್ಪದಿದ್ರೆ ಜೊತೇಲೇ ವಾಪಸ್ ಬರೋಣ" ಎಂದು ಬಸ್ಸು ಹತ್ತಿಸಿದರು. ತಂದೆ ನೋಡಿದರು, ಒಪ್ಪಿದರು. ಆ ಹುಡುಗಿ ಭಾರತ ತಂಡಕ್ಕೆ ಆಡಲಿಲ್ಲ. ವಿಶ್ವವಿದ್ಯಾಲಯದ ತಂಡದವರೆಗೆ ಹೋದಳು. ಬಿ.ಪಿ.ಎಡ್. ಮುಗಿಸಿ ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾಳೆ. ಆ ಮೂರು ಭೇಟಿಗಳಿಗೆ ಯಾವ ಇಲಾಖೆಯೂ ಭತ್ಯೆ ಕೊಡಲಿಲ್ಲ.

ಇಂಥ ಕೈ ಹಿಡಿದು ದಾಟಿಸುವಿಕೆಯಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ನಾಡಿನಲ್ಲಿ ನಿದರ್ಶನಗಳಿವೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯೆಂಬ ಹಳ್ಳಿಯ ಮಮತಾ ಪೂಜಾರಿ ಶಾಲೆಯಲ್ಲಿ ಹಲವು ಆಟಗಳನ್ನಾಡಿದವರು. ಸುರತ್ಕಲ್ಲಿನ ಗೋವಿಂದದಾಸ ಕಾಲೇಜು ಅವರ ಓದಿಗೂ ಕಬಡ್ಡಿಗೂ ನೆಲೆಯಾಯಿತು. ಆಮೇಲೆ ದಕ್ಷಿಣ ಮಧ್ಯ ರೈಲ್ವೆ ಉದ್ಯೋಗ ಕೊಟ್ಟಿತು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 2012ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕತ್ವ, 2014ರ ಅರ್ಜುನ ಪ್ರಶಸ್ತಿ ಇವೆಲ್ಲ ಬಂದದ್ದು ಆ ನಡುವಿನ ಸೇತುವೆ ಮುರಿಯದೆ ಇದ್ದುದರಿಂದ.

ಹಾಗೆಂದು ಶಿಖರ ಮುಟ್ಟಿದವರ ಚಿಂತೆ ತೀರಿತೆಂದೂ ಅಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಎರಡು ತಂಡಗಳೂ ಗೆದ್ದವು. ಅವುಗಳಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಮತ್ತು ಎಂ. ಕೆ. ಗೌತಮ್ ಎಂಬ ಇಬ್ಬರು ಕನ್ನಡಿಗರಿದ್ದರು. ಸರ್ಕಾರ ತಲಾ 5 ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿದಾಗ ಇಬ್ಬರೂ ಅದನ್ನು ನಯವಾಗಿ ನಿರಾಕರಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಬಹುಮಾನವನ್ನೂ ಉದ್ಯೋಗವನ್ನೂ ಕೊಡುತ್ತಿದೆಯೆಂಬುದು ಅವರ ಮಾತು. ಮೊತ್ತದ ಚರ್ಚೆ ಹಾಗಿರಲಿ. ವಿಶ್ವಕಪ್ ಗೆದ್ದವರೂ ಕೇಳಿದ್ದು ಮುಂದೇನು ಎಂಬ ಪ್ರಶ್ನೆಯನ್ನೇ ಎಂಬುದನ್ನು ಗಮನಿಸಬೇಕು.

ನಮ್ಮ ರಾಜ್ಯ ಕ್ರೀಡಾಪಟುಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯ ಹೆಸರು ಏಕಲವ್ಯ. ಕಾವ್ಯಾಸಕ್ತರಾದ ಕೇಳುಗರಿಗೆ ಈ ಹೆಸರು ಕೊಂಚ ಮುಳ್ಳಿನಂತೆ ತಾಗದಿರದು. ಗುರುವಿಲ್ಲದೆ, ಕಾಡಿನಲ್ಲಿ, ಮಣ್ಣಿನ ಮೂರ್ತಿಯೊಂದರ ಮುಂದೆ ತಾನೇ ಕಲಿತವನು ಏಕಲವ್ಯ. ಅವನಿಗೆ ಗುರು ಪ್ರತ್ಯಕ್ಷನಾದದ್ದು ಕಲಿಸುವುದಕ್ಕಲ್ಲ, ಹೆಬ್ಬೆರಳನ್ನು ಕೇಳುವುದಕ್ಕೆ. ನಮ್ಮ ಶಾಲೆಗಳೂ ಹಲವೊಮ್ಮೆ ಹೀಗೆಯೇ. ಮಗು ತಾನಾಗಿ ಓಡಲು ಕಲಿತು ಬಂದಾಗ ದಕ್ಷಿಣೆಯಾಗಿ ಕಪ್ ತೆಗೆದುಕೊಳ್ಳುತ್ತವೆ, ಅದನ್ನು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಇಡುತ್ತವೆ. ಕಪ್ಪಿನ ಮೇಲೆ ಶಾಲೆಯ ಹೆಸರಿರುತ್ತದೆ, ಓಡಿದವನ ಹೆಸರಿರುವುದಿಲ್ಲ.

ಇದಕ್ಕೆ ಪರಿಹಾರವೇನು? ದೊಡ್ಡ ಕ್ರೀಡಾಂಗಣಗಳು, ಕೃತಕ ಓಟದ ಹಾದಿಗಳು ಬೇಕು, ಬರಲಿ. ಆದರೆ ಅವುಗಳಿಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು, ಜಿಲ್ಲಾ ಮಟ್ಟಕ್ಕೆ ಹೋದ ಪ್ರತಿಯೊಂದು ಮಗುವಿನ ಹೆಸರನ್ನು ಶಾಲೆ ಒಂದು ದಫ್ತರಿನಲ್ಲಿ ಬರೆದಿಟ್ಟು, ಮುಂದಿನ ಎರಡು ವರ್ಷ ಅದು ಎಲ್ಲಿದೆ, ಏನು ಮಾಡುತ್ತಿದೆ ಎಂದು ವಿಚಾರಿಸಬೇಕು. ಹಾಜರಿ ಪುಸ್ತಕ ಮೂರು ವರ್ಷಕ್ಕೆ ಮುಗಿದರೂ ಹೊಣೆ ಐದು ವರ್ಷಕ್ಕೆ ಇರಲಿ. ಎರಡನೆಯದು, ಕೂಟದ ತಿಂಗಳುಗಳಲ್ಲಿ ತಪ್ಪಿದ ಪಾಠಗಳನ್ನು ಆ ಮಕ್ಕಳಿಗೆ ಬೇರೆಯಾಗಿ ಹೇಳಿಕೊಡಬೇಕು. ಫೇಲಾದವರಿಗೆ ಈಗ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಅವರನ್ನು ಕರೆತಂದು ಬರೆಯಿಸಬೇಕು. ಮೂರನೆಯದು ಸರ್ಕಾರದ ಕೆಲಸ. ಪ್ರತಿ ಪಿ.ಯು. ಕಾಲೇಜಿಗೂ ಒಬ್ಬ ದೈಹಿಕ ಶಿಕ್ಷಣದವರು ಬೇಕು. ದೈಹಿಕ ಶಿಕ್ಷಕರ ಸ್ಥಾನಮಾನದ ಬಗ್ಗೆ ಪ್ರೊ. ವೈದ್ಯನಾಥನ್ ಅವರ ವರದಿ ಜಾರಿಯಾಗಲಿ ಎಂದು ಶಿಕ್ಷಕರು ವರ್ಷಗಟ್ಟಲೆ ಕೇಳುತ್ತ ಬಂದಿದ್ದಾರೆ. ಆಟ ಕಲಿಸುವವರನ್ನು ಘಂಟೆ ಹೊಡೆಯುವುದಕ್ಕೂ ಸಾಲು ನಿಲ್ಲಿಸುವುದಕ್ಕೂ ಇರುವವರೆಂದು ಎಣಿಸುವವರೆಗೆ ಆಡುವ ಮಕ್ಕಳ ಬೆಲೆಯೂ ನಮಗೆ ತಿಳಿಯದು.

ಕೊನೆಯದಾಗಿ, ಮಕ್ಕಳಿಗೆ ನಿಜವನ್ನು ಹೇಳಬೇಕು. ಹದಿನಾರರಲ್ಲಿ ಗೆದ್ದವರೆಲ್ಲರೂ ಇಪ್ಪತ್ತಾರರಲ್ಲಿ ಗೆಲ್ಲುವುದಿಲ್ಲ. ಹೆಚ್ಚಿನವರ ಪಾಲಿಗೆ ತಾಲ್ಲೂಕಿನ ಆ ಓಟವೇ ದೊಡ್ಡ ಓಟ. ಅದರಲ್ಲಿ ನಾಚಿಕೆಯೇನೂ ಇಲ್ಲ. ಚೆನ್ನಾಗಿ ಹಾಡುವವರೆಲ್ಲ ಸಂಗೀತಗಾರರಾಗುವುದಿಲ್ಲ, ಪ್ರಬಂಧದಲ್ಲಿ ಬಹುಮಾನ ಪಡೆದವರೆಲ್ಲ ಸಾಹಿತಿಗಳಾಗುವುದಿಲ್ಲ. ಆದರೆ ಹಾಡುವ ಹುಡುಗಿಯನ್ನು ನಾವು ಹಾಡಿಗಾಗಿ ಗಣಿತ ಬಿಡಿಸುವುದಿಲ್ಲ, ಪ್ರಬಂಧ ಬರೆದವನನ್ನು ಫಲಿತಾಂಶದ ಮರುದಿನ ಮರೆಯುವುದಿಲ್ಲ. ಓಡಿದವರಿಗೆ ಮಾತ್ರ ಈ ಎರಡು ಅನ್ಯಾಯವನ್ನೂ ಮಾಡುತ್ತೇವೆ.

ಬೆಳಗ್ಗೆ ಬೇಗನೆ ಏಳುವುದು, ಸೋತವನ ಕೈ ಕುಲುಕುವುದು, ದಣಿದ ಮೇಲೂ ಇನ್ನೊಂದು ಸುತ್ತು ಓಡುವುದು ಇವು ಕಲಿತವರ ಜೊತೆ ಕೊನೆಯವರೆಗೆ ಉಳಿಯುತ್ತವೆ. ಆ ಗುಣಗಳುಳ್ಳ ಹುಡುಗನೋ ಹುಡುಗಿಯೋ ಹೊಲದಲ್ಲಿರಲಿ, ವಸಂತನರಸಾಪುರದ ಕಾರ್ಖಾನೆಯಲ್ಲಿರಲಿ, ಗಡಿಯ ಕಾವಲಿನಲ್ಲಿರಲಿ, ಊರಿಗೆ ಆಸ್ತಿಯೇ. ನಾವು ಮಾಡಬೇಕಾದದ್ದು ಇಷ್ಟೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ಅವರ ಮನೆಯವರೆಗೆ ಹೋಗಿ, "ಮುಂದೇನು ಮಾಡ್ತೀಯಪ್ಪಾ? ಎಲ್ಲಿ ಸೇರ್ತೀಯಮ್ಮಾ?" ಎಂದು ಕೇಳುವುದು, ಉತ್ತರ ಸಿಗುವವರೆಗೆ ಜಗುಲಿಯ ಮೇಲೆ ಕುಳಿತಿರುವುದು.